ಚರ್ಚಿನ ಗೋಡೆಯ ಮೇಲೆ ಮುನಿರಾಜಣ್ಣನ ಶೂ

ಗೇಟಿನ ಬಳಿ, ಜೆ.ಪಿ. ನಗರ

ವಿದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನಾನು ಒಂದು ಜೊತೆ ಶೂನಿಂದ ಶುರು ಮಾಡಬೇಕು. ಅದು ನನ್ನದಲ್ಲ, ಪಕ್ಕದ ಮನೆಯ ಮುನಿರಾಜಣ್ಣನದು.

ನಾನು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಶಾಲೆ ನನ್ನನ್ನು ಬಿಟ್ಟರೂ ಮೇಷ್ಟ್ರ ಚಾಳಿ ಬಿಟ್ಟಿಲ್ಲ. ಜಯನಗರದ ನಮ್ಮ ಕನ್ನಡ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಪ್ರತಿ ಗುರುವಾರ ಸಂಜೆ ಒಂದು ತರಗತಿ ನಡೆಸುತ್ತೇನೆ. ಕ್ರೈಸ್ತ ನಂಬಿಕೆಯ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ತಡಬಡಾಯಿಸದೆ ಉತ್ತರ ಹೇಳುವುದು ಹೇಗೆ ಎಂಬುದೇ ಪಾಠ. ಅದಕ್ಕೊಂದು ನೋಟ್‌ಬುಕ್ ಇದೆ. ನಲವತ್ತೇಳು ಪ್ರಶ್ನೆ, ನಲವತ್ತೇಳು ಉತ್ತರ. ಪ್ರಶ್ನೆಗೆ ಕೆಂಪು ಶಾಯಿ, ಉತ್ತರಕ್ಕೆ ನೀಲಿ. ದೇವರು ಒಳ್ಳೆಯವನಾದರೆ ಕಷ್ಟ ಯಾಕೆ ಕೊಡುತ್ತಾನೆ, ವಿಜ್ಞಾನ ಇರುವಾಗ ದೇವರು ಯಾಕೆ ಬೇಕು, ಎಲ್ಲಕ್ಕೂ ಉತ್ತರ ಸಿದ್ಧ. ತೊಂದರೆ ಇರುವುದು ಒಂದೇ, ಯಾರೂ ಕೇಳುವುದಿಲ್ಲ.

ಅದರಲ್ಲೂ ಮುನಿರಾಜಣ್ಣ ಕೇಳುವುದಿಲ್ಲ. ನಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ತಾತನ ರಾಗಿ ಹೊಲ. ಈಗ ಆ ಹೊಲದಲ್ಲಿ ಅವರದು ಮೂರು ಅಂತಸ್ತಿನ ಮನೆ, ಕೆಳಗೆ ಹಾರ್ಡ್‌ವೇರ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ನಮ್ಮ ಗೇಟು, ಅವರ ಗೇಟು ಅಕ್ಕಪಕ್ಕ. ಯುಗಾದಿಗೆ ಅವರ ಮನೆಯ ಹೋಳಿಗೆ ನಮಗೆ, ಕ್ರಿಸ್‌ಮಸ್‌ಗೆ ನಮ್ಮ ಮನೆಯ ಕೇಕು ಅವರಿಗೆ. ಕೇಕಿನ ತಟ್ಟೆ ಕೈಗೆ ಕೊಡುವಾಗಲೆಲ್ಲ ನಾನು ಸ್ವಲ್ಪ ನನ್ನ ನಂಬಿಕೆಯ ವಿಷಯವನ್ನೂ ಜೊತೆಗೆ ಬಡಿಸುತ್ತೇನೆ. ಅವರು ಪೂರ್ತಿ ಕೇಳುತ್ತಾರೆ. ಆಮೇಲೆ ತಲೆಯಾಡಿಸಿ, "ಸರಿ ಬಿಡಿ ಮೇಷ್ಟ್ರೇ, ಎಲ್ಲಾ ಒಂದೇ. ಕಾಫಿ ಕುಡೀರಿ" ಎನ್ನುತ್ತಾರೆ.

ಈ "ಎಲ್ಲಾ ಒಂದೇ" ಎನ್ನುವುದು ನನ್ನ ನೋಟ್‌ಬುಕ್ಕಿನ ಮೊದಲ ಪ್ರಶ್ನೆ. ಅದಕ್ಕೆ ಮೂರು ಪುಟದ ಉತ್ತರವಿದೆ. ಆದರೆ ಮುನಿರಾಜಣ್ಣ ಅದನ್ನು ಪ್ರಶ್ನೆಯಾಗಿ ಕೇಳಿದರೆ ತಾನೆ? ಇಪ್ಪತ್ತೆರಡು ವರ್ಷದಿಂದ ನನಗಿದ್ದ ಆಸೆ ಇಷ್ಟೇ: ಆ ಮನುಷ್ಯ ನನ್ನ ನಂಬಿಕೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿ.

ಇಂಥ ನನಗೆ ಜರ್ಮನಿಯ ಒಂದು ಸಣ್ಣ ಊರಿನ ಸಭೆಯಿಂದ ಆಹ್ವಾನ ಬಂತು. ಅಲ್ಲಿಂದ ಕೆಲವರು ಹಿಂದೊಮ್ಮೆ ನಮ್ಮ ಸಭೆಗೆ ಬಂದಿದ್ದರು. ಈಗ ನಮ್ಮಿಂದ ಗಂಡ ಹೆಂಡತಿ ಇಬ್ಬರು ಅಲ್ಲಿಗೆ ಹೋಗಬೇಕು, ಭಾನುವಾರ ಹತ್ತು ನಿಮಿಷ ಸಾಕ್ಷಿ ಹೇಳಬೇಕು. ಸಾಕ್ಷಿ ಎಂದರೆ ಕೋರ್ಟಿನದಲ್ಲ. ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಎಂದು ನಾಲ್ಕು ಜನರ ಮುಂದೆ ಹೇಳುವುದು. ನನ್ನ ಹೆಂಡತಿ ಸುಗುಣ ಚಟ್ನಿಪುಡಿ ಕಟ್ಟಿಕೊಂಡಳು, ನಾನು ನೋಟ್‌ಬುಕ್ ಕಟ್ಟಿಕೊಂಡೆ.

ನವೆಂಬರ್ ತಿಂಗಳು, ಅಲ್ಲಿ ಮಳೆ ಮತ್ತು ಚಳಿ ಎಂದು ಕೇಳಿ ಮುನಿರಾಜಣ್ಣ ಒಂದು ಡಬ್ಬ ಹಿಡಿದು ಗೇಟಿನ ಬಳಿ ಬಂದರು. ಒಳಗೆ ಕಂದು ಬಣ್ಣದ ದಪ್ಪ ಶೂ.

"ಕೇದಾರಕ್ಕೆ ಹೋಗಿ ಬಂದಿರೋ ಶೂ ಮೇಷ್ಟ್ರೇ. ಮಳೆ, ಮಂಜು ಏನೂ ಮಾಡಲ್ಲ. ನಿಮ್ದೂ ನಂದೂ ಒಂದೇ ಸೈಜು."

"ಅಯ್ಯೋ, ಬೇಡ ಮುನಿರಾಜಣ್ಣ, ಅಲ್ಲೇ ಒಂದು ತಗೋತೀನಿ."

"ಸುಮ್ನೆ ಹಾಕ್ಕೊಳ್ಳಿ. ಆದ್ರೆ ಸ್ವಲ್ಪ ಜೋಪಾನ. ಅಮ್ಮನ್ ಜೊತೆ ನಡೆದಿದ್ದು ಇದ್ರಲ್ಲೇ. ಅದಾಗಿ ಆರು ತಿಂಗಳಿಗೆ ಅಮ್ಮ ಹೋದ್ರು."

ನಾನು ಶೂ ತೆಗೆದುಕೊಂಡೆ. ಧನ್ಯವಾದ ಹೇಳಿ, ಪ್ರಯಾಣದಲ್ಲಿ ದೇವರು ಕಾಯುವ ಬಗ್ಗೆ ಎರಡು ಮಾತು ಸೇರಿಸಿದೆ. ಅವರು ಕಾಫಿ ಕುಡಿಯಿರಿ ಎಂದರು.

ವಿಮಾನದಲ್ಲಿ, ನಡುವಿನ ಸೀಟು

ಕಿಟಕಿಯ ಸೀಟು ಸುಗುಣಳ ಪಾಲಾಯಿತು. ನನ್ನ ಇನ್ನೊಂದು ಪಕ್ಕದಲ್ಲಿ ಹುಬ್ಬಳ್ಳಿಯ ಒಬ್ಬ ಹುಡುಗಿ. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಾಳಂತೆ. ಒಳ್ಳೆಯ ಹುಡುಗಿ, ನನ್ನ ಬೆಲ್ಟನ್ನೂ ಅವಳೇ ಹಾಕಿದಳು. ಊಟವಾದ ಮೇಲೆ, ಈಗ ಮಾತು ತೆಗೆಯಲು ಸರಿಯಾದ ಸಮಯ ಎಂದುಕೊಂಡೆ. ತರಗತಿಯಲ್ಲಿ ನಾನೇ ಹೇಳಿಕೊಡುವ ಕ್ರಮ: ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬನ್ನಿ.

"ಏನಮ್ಮಾ, ನೀನು ದೇವರನ್ನ ನಂಬ್ತೀಯಾ?" ಎಂದೆ.

ನಾನು ಬಾಯಿ ತೆರೆಯುವುದಕ್ಕೂ ವಿಮಾನ ದಡದಡನೆ ಅಲುಗಾಡುವುದಕ್ಕೂ ಸರಿಹೋಯಿತು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಯಾಕ್ರೀ ಅಂಕಲ್? ಏನಾತ್ರೀ? ಪೈಲಟ್ ಏನರ ಅಂದ್ರೇನ್ರೀ?"

"ಇಲ್ಲಮ್ಮ, ಸುಮ್ನೆ ಕೇಳ್ದೆ. ಈ ಕ್ಷಣ ಪ್ರಾಣ ಹೋದ್ರೆ ಎಲ್ಲಿಗೆ ಹೋಗ್ತೀಯ ಅಂತ ಯಾವತ್ತಾದ್ರೂ..."

ಮಾತು ಮುಗಿಯಲಿಲ್ಲ. ಹುಡುಗಿ ತಲೆಯ ಮೇಲಿನ ಗುಂಡಿ ಒತ್ತಿದಳು. ಗಗನಸಖಿ ಓಡಿ ಬಂದಳು. ಹಿಂದಿನ ಸಾಲಿನ ಇಬ್ಬರು ಕೈಮುಗಿದು ಕಣ್ಣು ಮುಚ್ಚಿಕೊಂಡಿದ್ದರು. ಸುಗುಣ ನನ್ನ ತೊಡೆ ಚಿವುಟಿ, ಚೀಲದಿಂದ ಕೋಡುಬಳೆ ತೆಗೆದು ಹುಡುಗಿಗೆ ಕೊಟ್ಟಳು. ಆಮೇಲೆ ಅವರಿಬ್ಬರೂ ನನ್ನ ಹೊಟ್ಟೆಯ ಮೇಲಿಂದಲೇ ಎರಡು ಗಂಟೆ ಹರಟಿದರು. ಹುಡುಗಿ ತನ್ನ ತಾಯಿಯ ಆಪರೇಷನ್ ವಿಷಯ ಹೇಳಿ ಅತ್ತಳು. ಸುಗುಣ ಅವಳ ಕೈಹಿಡಿದು ಪ್ರಾರ್ಥನೆ ಮಾಡಿದಳು. ನಾನು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಹೆಲ್ಗಾ ಅವರ ಮನೆ

ಆ ಊರಿನ ಹೆಸರನ್ನು ಹತ್ತು ದಿನ ಪ್ರಯತ್ನಪಟ್ಟರೂ ನನಗೆ ಸರಿಯಾಗಿ ಹೇಳಲು ಬರಲಿಲ್ಲ. ತಪ್ಪಾಗಿ ಬರೆದು ಅವರಿಗೆ ಅವಮಾನ ಮಾಡುವುದು ಬೇಡ. ಒಂದು ನದಿ, ಒಂದು ಚರ್ಚು, ಒಂದು ಬ್ರೆಡ್ಡಿನ ಅಂಗಡಿ. ನಮ್ಮ ಆತಿಥೇಯರು ಹೆಲ್ಗಾ ಎಂಬ ಎಪ್ಪತ್ತು ದಾಟಿದ ಹಿರಿಯರು, ನಿವೃತ್ತ ನರ್ಸ್, ಸಭೆಯ ಹಿರಿಯ ಸದಸ್ಯೆ. ಅವರದೂ ಶಾಲೆಯಲ್ಲಿ ಕಲಿತ ಇಂಗ್ಲಿಷು, ನನ್ನದೂ ಅದೇ. ಹಾಗಾಗಿ ಇಬ್ಬರೂ ನಿಧಾನವಾಗಿ ಮಾತಾಡಿ ಚೆನ್ನಾಗಿ ಅರ್ಥ ಮಾಡಿಕೊಂಡೆವು.

ಬಾಗಿಲಲ್ಲಿ ನಿಂತ ಕೂಡಲೇ ಹೆಲ್ಗಾ ನನ್ನ ಕಾಲಿನತ್ತ ಬೆರಳು ತೋರಿಸಿದರು. ಶೂ ಬಿಚ್ಚಬೇಕಂತೆ! ಒಳಗೆ ಅತಿಥಿಗಳಿಗೆಂದೇ ಉಣ್ಣೆಯ ಚಪ್ಪಲಿಗಳ ಸಾಲು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನೋಡಿದ್ಯಾ ಸುಗುಣ? ನಮ್ಮ ಹಾಗೇ ಇವರೂ ಶೂ ಹೊರಗೆ ಬಿಡ್ತಾರೆ. ಬರೀ ಸಿನಿಮಾ ನೋಡಿ ಮಂಚದ ಮೇಲೂ ಶೂ ಹಾಕ್ಕೊಂಡಿರ್ತಾರೆ ಅಂದ್ಕೊಂಡಿದ್ವಿ" ಎಂದೆ. ಈ ಸಂತೋಷವೇ ಮುಂದೆ ನನಗೆ ಮುಳುವಾಯಿತು.

ಮಾರನೆಯ ದಿನ ಸುಗುಣ ವಾಕಿಂಗ್ ಹೋಗಿ ಬರುವಾಗ ಕೈಯಲ್ಲಿ ಒಂದು ನೀಲಿ ಹೂವಿನ ಟೀ ಜಗ್ ಹಿಡಿದುಕೊಂಡು ಬಂದಳು. ಯಾರದೋ ಕಾಂಪೌಂಡ್ ಗೋಡೆಯ ಮೇಲಿತ್ತಂತೆ.

"ಕದ್ಕೊಂಡ್ ಬಂದ್ಯಾ? ನಾನಿಲ್ಲಿ ಸಾಕ್ಷಿ ಹೇಳೋಕೆ ಬಂದಿದ್ದೀನಿ ಕಣೇ!"

"ರೀ, ಸುಮ್ನಿರಿ. ಅಲ್ಲಿ ಒಬ್ರು ಆಂಟಿ ತಗೊ ತಗೊ ಅಂತ ಕೈಸನ್ನೆ ಮಾಡಿದ್ರು."

ಹೆಲ್ಗಾ ನಗುತ್ತಾ ವಿವರಿಸಿದರು. ಆ ಊರಿನಲ್ಲಿ ಮನೆಗೆ ಬೇಡವಾದ, ಆದರೆ ಇನ್ನೂ ಚೆನ್ನಾಗಿರುವ ವಸ್ತುವನ್ನು ಎಸೆಯುವುದಿಲ್ಲ. ಗೋಡೆಯ ಮೇಲೋ ಪೆಟ್ಟಿಗೆಯಲ್ಲೋ ಇಡುತ್ತಾರೆ, ಬೇಕಾದವರು ತೆಗೆದುಕೊಂಡು ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಹೀಗೆ ಗೋಡೆಯ ಮೇಲೆ ಒಂದು ಜಗ್ ಇಟ್ಟರೆ, ಮಾಟ ಮಾಡಿಸಿದ್ದಾರೆ ಎಂದು ಯಾರೂ ಆ ಕಡೆ ಸುಳಿಯುವುದಿಲ್ಲ.

ಇನ್ನು ಪ್ರಶ್ನೆಗಳ ವಿಷಯ. ಯುರೋಪಿನಲ್ಲಿ ನಾಸ್ತಿಕರು ಹೆಜ್ಜೆಗೊಬ್ಬರು ಸಿಗುತ್ತಾರೆ ಎಂದು ಕೇಳಿ, ಐದರಿಂದ ಹನ್ನೊಂದನೇ ಉತ್ತರದವರೆಗೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೆಜ್ಜೆಗೊಬ್ಬರು ಸಿಕ್ಕಿದ್ದು ನಿಜ. ಆದರೆ ಬ್ರೆಡ್ಡಿನ ಅಂಗಡಿಯವಳು ಕೇಳಿದ್ದು ಚಳಿಯಾಗುತ್ತಿದೆಯೇ ಎಂದು. ಪಕ್ಕದ ಮನೆಯವರು ಕೇಳಿದ್ದು ನನಗೆ ಯೋಗ ಬರುತ್ತದೆಯೇ ಎಂದು. ಬರುವುದಿಲ್ಲ ಎಂದಾಗ ಅವರಿಗೆ ತುಂಬ ನಿರಾಸೆಯಾಯಿತು.

ಭಾನುವಾರ

ನಮ್ಮ ಸಭೆಯಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುವುದು. ಇವರು ಮನೆಯೊಳಗೇ ಶೂ ಹಾಕದ ಜನ. ಮನೆಗಿಂತ ದೇವರ ಮನೆ ದೊಡ್ಡದು. ಆದ್ದರಿಂದ ಚರ್ಚಿನೊಳಗೂ ಶೂ ಹಾಕುವುದಿಲ್ಲ. ಗಣಿತದ ಮೇಷ್ಟ್ರ ಲೆಕ್ಕ ಹೀಗಿತ್ತು. ಅದರಲ್ಲಿ ಎಲ್ಲಿ ತಪ್ಪಿದೆ, ನೀವೇ ಹೇಳಿ.

ಚರ್ಚಿನ ಮೆಟ್ಟಿಲು ಮಳೆಯಲ್ಲಿ ನೆನೆದಿತ್ತು. ಕೇದಾರದ ಶೂ ಒದ್ದೆಯಾಗಬಾರದೆಂದು, ಸೂರಿನ ಕೆಳಗಿದ್ದ ಗಿಡ್ಡ ಗೋಡೆಯ ಮೇಲೆ ಜೋಡಿಸಿಟ್ಟೆ. ಪಕ್ಕದಲ್ಲಿ ಹಳೆಯ ಪುಸ್ತಕಗಳ ಒಂದು ಪೆಟ್ಟಿಗೆ ಇತ್ತು.

"ರೀ, ಬೇರೆ ಯಾರ ಶೂನೂ ಕಾಣ್ತಿಲ್ಲ" ಎಂದಳು ಸುಗುಣ.

"ನಾವು ಬೇಗ ಬಂದಿದ್ದೀವಿ."

"ನಿಮ್ ಕಾಲುಚೀಲ ತೂತಾಗಿದೆ."

"ದೇವರು ಹೃದಯ ನೋಡ್ತಾನೆ, ನಡಿ."

ಅವಳು ತನ್ನ ಶೂ ಬಿಚ್ಚಲಿಲ್ಲ. ಒಳಗೆ ಹೋದರೆ ಜನ ಆಗಲೇ ಕುಳಿತಿದ್ದರು. ಸಾವಿರ ಜನ ಹಿಡಿಯುವ ಜಾಗದಲ್ಲಿ ಹದಿನಾಲ್ಕು ಜನ, ಅಷ್ಟೂ ಜನರ ಕಾಲಲ್ಲಿ ಶೂ. ನಮ್ಮಲ್ಲಿ ಭಾನುವಾರ ಸ್ವಲ್ಪ ತಡವಾದರೆ ಶಾಮಿಯಾನದ ಕೆಳಗೆ, ಸ್ಪೀಕರಿನ ಪಕ್ಕ ಕಿವಿ ಮುಚ್ಚಿಕೊಂಡು ಕೂರಬೇಕು. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೆಂಚು. ಇನ್ನು ವಾಪಸ್ ಹೋಗಿ ಶೂ ಹಾಕಿಕೊಂಡು ಬರಲು ನನಗೆ ಮರ್ಯಾದೆ ಅಡ್ಡಬಂತು. ಕಲ್ಲಿನ ನೆಲದ ಥಂಡಿ ಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಲ್ಲಿಗೆ ಏರಿತು.

ನನ್ನ ಸರದಿ ಬಂತು. ಮುಂದೆ ಹೋಗಿ ನಿಂತೆ. ಹೆಲ್ಗಾ ಅನುವಾದ ಮಾಡಲು ಪಕ್ಕದಲ್ಲಿ ನಿಂತರು. ಹನ್ನೆರಡನೇ ಉತ್ತರ ಶುರು ಮಾಡಿದೆ: ವಿಶ್ವಕ್ಕೆ ಒಂದು ಆರಂಭವಿದ್ದರೆ ಆ ಆರಂಭಕ್ಕೆ ಒಂದು ಕಾರಣ ಇರಲೇಬೇಕು. ಹದಿನಾಲ್ಕು ಜನರೂ ಗಮನವಿಟ್ಟು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ತೂತಿನಿಂದ ಅದು ಪೂರ್ತಿ ಹೊರಗೆ ಬಂದಿತ್ತು. ಎರಡನೇ ಸಾಲಿನ ಒಬ್ಬ ಅಜ್ಜಿ ಕೈ ಎತ್ತಿದರು.

ನನ್ನ ಜೀವನದಲ್ಲಿ ಮೊದಲ ಸಲ ಕೇಳುಗರೊಬ್ಬರು ತಾವಾಗಿಯೇ ಕೈ ಎತ್ತಿದ್ದು! ಹೆಲ್ಗಾ ಅನುವಾದಿಸಿದರು: "ನೀವು ಶೂ ಯಾಕೆ ಹಾಕಿಕೊಂಡಿಲ್ಲ ಎಂದು ಕೇಳುತ್ತಿದ್ದಾರೆ."

ನಲವತ್ತೇಳರಲ್ಲಿ ಈ ಪ್ರಶ್ನೆ ಇರಲಿಲ್ಲ. ಚಳಿಗೆ ತಲೆಯೂ ಓಡಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ನಾವು ಹನುಮಂತನಗರದಲ್ಲಿ ಒಂದು ವಠಾರದಲ್ಲಿದ್ದೆವು. ಅಮ್ಮ ನಾಲ್ಕು ಮನೆಯ ಬಟ್ಟೆ ಹೊಲಿದು ನನ್ನನ್ನು ಓದಿಸಿದಳು. ಅವಳಿಗೆ ಇದ್ದದ್ದು ಒಂದೇ ಜೊತೆ ಹವಾಯಿ ಚಪ್ಪಲಿ, ಉಂಗುಷ್ಟಕ್ಕೆ ಸೇಫ್ಟಿ ಪಿನ್ನು. ಭಾನುವಾರ ಚರ್ಚಿನ ಬಾಗಿಲಲ್ಲಿ ಅದನ್ನು ಬಿಡುವಾಗ, ಕಾರಿನಲ್ಲಿ ಬಂದವರ ಬೂಟಿನ ಪಕ್ಕದಲ್ಲೇ ಬಿಡುತ್ತಿದ್ದಳು. ಯಾಕಮ್ಮಾ ಎಂದು ಕೇಳಿದರೆ, "ಒಳಗ್ ಹೋದ್ಮೇಲೆ ಯಾರ್ದು ಯಾವ್ದು ಅಂತ ಮೇಲಿರೋ ಅಪ್ಪ ಕೇಳಲ್ಲ ಕಣೋ" ಎನ್ನುತ್ತಿದ್ದಳು. ವಾರದಲ್ಲಿ ಆ ಒಂದೂವರೆ ಗಂಟೆ ಅಮ್ಮ ತಲೆ ಎತ್ತಿ ಕೂರುತ್ತಿದ್ದಳು. ನಾನು ದೇವರನ್ನು ನಂಬಿದ್ದು ಅಲ್ಲಿಂದ.

ಇಷ್ಟು ಹೇಳಿ ಕುಳಿತೆ. ಅಜ್ಜಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹನ್ನೆರಡನೇ ಉತ್ತರದ ಉಳಿದ ಭಾಗವನ್ನು ಯಾರೂ ಕೇಳಲಿಲ್ಲ.

ಹೊರಗೆ ಬಂದು ನೋಡಿದರೆ ಗೋಡೆಯ ಮೇಲೆ ಪುಸ್ತಕದ ಪೆಟ್ಟಿಗೆ ಇದೆ, ಶೂ ಇಲ್ಲ.

ಸೋಮವಾರ, ಮರದ ಪಾದರಕ್ಷೆ

"ಗೋಡೆಯ ಮೇಲೆ ಇಟ್ಟಿರಾ?" ಎಂದು ಹೆಲ್ಗಾ ತಲೆಯ ಮೇಲೆ ಕೈ ಇಟ್ಟುಕೊಂಡರು. ಜಗ್ಗಿನ ಪಾಠ ನನಗೆ ಆಗ ನೆನಪಾಯಿತು. ಯಾರೋ ಒಳ್ಳೆಯ ಮನಸ್ಸಿನಿಂದ, ಊರಿನ ಪದ್ಧತಿಯಂತೆ ಮುನಿರಾಜಣ್ಣನ ಶೂ ಒಯ್ದಿದ್ದರು. ಕೇದಾರನಾಥದಲ್ಲಿ ಸಾವಿರಾರು ಜನರ ನಡುವೆ ಬಿಟ್ಟರೂ ಉಳಿದುಬಂದ ಶೂವನ್ನು, ಹದಿನಾಲ್ಕು ಜನರ ಚರ್ಚಿನಲ್ಲಿ ನಾನು ಕಳೆದಿದ್ದೆ.

ಹೆಲ್ಗಾ ತಮ್ಮ ತೀರಿಹೋದ ಗಂಡನ ತೋಟದ ಮರದ ಪಾದರಕ್ಷೆ ಕೊಟ್ಟರು. ಅದನ್ನು ಹಾಕಿಕೊಂಡು ನಾನು ಟಕ್ ಟಕ್ ಎಂದು ಊರೆಲ್ಲ ತಿರುಗಿ, ಎದುರು ಬಂದವರ ಕಾಲನ್ನೇ ನೋಡಿದೆ. ಹೆಲ್ಗಾ ಗೋಡೆಗೆ ಒಂದು ಚೀಟಿ ಅಂಟಿಸಿದರು: ಕಂದು ಶೂ ದಾನಕ್ಕೆ ಇಟ್ಟಿದ್ದಲ್ಲ, ಅತಿಥಿ ಪ್ರಾರ್ಥನೆಗೆ ಹೋಗಿದ್ದರು, ದಯವಿಟ್ಟು ಹಿಂತಿರುಗಿಸಿ.

ರಾತ್ರಿ ಊಟಕ್ಕೆ ಮುಂಚೆ ಸುಗುಣ ಶೂಗಾಗಿ ಪ್ರಾರ್ಥನೆ ಮಾಡೋಣ ಎಂದಳು. ನಾನು ಹಿಂದೆಮುಂದೆ ನೋಡಿದೆ. ಮೂವತ್ತಮೂರನೇ ಉತ್ತರದಲ್ಲಿ, ಕಳೆದುಹೋದ ವಸ್ತು ಹುಡುಕಿಕೊಡುವುದು ದೇವರ ಕೆಲಸವಲ್ಲ ಎಂದು ನಾನೇ ನೀಲಿ ಶಾಯಿಯಲ್ಲಿ ಬರೆದಿದ್ದೆ. ತರಗತಿಯಲ್ಲಿ ಯಾರೋ ಮನೆ ಬೀಗದ ಕೈಗಾಗಿ ಪ್ರಾರ್ಥಿಸಿದ್ದಕ್ಕೆ ಎಲ್ಲರೆದುರು ಗೇಲಿ ಮಾಡಿಯೂ ಇದ್ದೆ.

"ನಿಮ್ಮ ಮೂವತ್ತಮೂರು ಹಾಳಾಗ್ಲಿ. ಅದು ಅವ್ರಮ್ಮನ ನೆನಪು ರೀ" ಎಂದಳು ಸುಗುಣ.

ನಾನು ಕಣ್ಣುಮುಚ್ಚಿ ಪ್ರಾರ್ಥಿಸಿದೆ. ಅಷ್ಟು ಮನಸಾರೆ ಪ್ರಾರ್ಥಿಸಿ ಬಹಳ ವರ್ಷವಾಗಿತ್ತು.

ಮಂಗಳವಾರ, ಉಪ್ಪಿಟ್ಟು

ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲಲ್ಲಿ ಒಬ್ಬ ಎತ್ತರದ ಮುದುಕ, ಕೈಯಲ್ಲಿ ಮುನಿರಾಜಣ್ಣನ ಶೂ. ಹೆಸರು ಕ್ಲೌಸ್. ಮೂವತ್ತು ವರ್ಷದ ಹಿಂದೆಯೇ ಚರ್ಚು ಬಿಟ್ಟವರು ಎಂದು ಹೆಲ್ಗಾ ನನ್ನ ಕಿವಿಯಲ್ಲಿ ಹೇಳಿದರು. ಶೂ ಫಳಫಳ ಹೊಳೆಯುತ್ತಿತ್ತು. ಹಳೆಯ ಲೇಸು ಸವೆದಿತ್ತೆಂದು ಕೆಂಪು ಲೇಸು ಬೇರೆ ಹಾಕಿದ್ದರು. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಮತ್ತೆ ಹುಡುಕಲು ಹೊರಟು ಮರದ ಪಾದರಕ್ಷೆ ಹಾಕಿಕೊಂಡಿದ್ದರಿಂದ ಕುಣಿಯಲಿಲ್ಲ.

ಸುಗುಣ ಅವರನ್ನು ಕೂರಿಸಿ ಬಿಸಿ ಉಪ್ಪಿಟ್ಟು ಬಡಿಸಿದಳು. ನಾನು ನೋಟ್‌ಬುಕ್ ತಂದು ಮೇಜಿನ ಮೇಲೆ ಇಟ್ಟುಕೊಂಡೆ. ಚರ್ಚು ಬಿಟ್ಟವರಿಗೆ ಹೇಳಬೇಕಾದ್ದು ಎಂಟನೇ ಉತ್ತರ. ಕ್ಲೌಸ್ ಉಪ್ಪಿಟ್ಟು ಬಾಯಿಗಿಟ್ಟು, ಹೆಲ್ಗಾ ಮೂಲಕ ಕೇಳಿದರು: "ಇದು ಬೆಟ್ಟ ಹತ್ತಿರುವ ಶೂ. ಯಾವ ಬೆಟ್ಟ?"

ನಾನು ಕೇದಾರದ ವಿಷಯ ಹೇಳಿದೆ. ಹಿಮಾಲಯ, ಮಂಜು, ಶಿವನ ದೇವಸ್ಥಾನ. ನೋಡಿ ಗ್ರಹಚಾರ, ಕ್ರಿಸ್ತನ ಸಾಕ್ಷಿ ಹೇಳಲು ಏಳು ಸಮುದ್ರ ದಾಟಿ ಬಂದವನು, ನಾಸ್ತಿಕನೊಬ್ಬನಿಗೆ ಕೇದಾರನಾಥದ ದಾರಿ ಹೇಳುತ್ತಾ ಕುಳಿತಿದ್ದೆ. ಶೂ ನನ್ನದಲ್ಲ, ಗೆಳೆಯನದು, ಅವರು ತಾಯಿಯನ್ನು ಕರೆದುಕೊಂಡು ಹತ್ತಿದ್ದರು ಎಂದೆ.

"ಅಷ್ಟು ವಯಸ್ಸಾದ ತಾಯಿ ಯಾಕೆ ಹತ್ತಬೇಕು ಅಂದರು? ಮೇಲೆ ಹೋಗಿ ಏನು ಕೇಳಿಕೊಂಡರು?"

"ಗೊತ್ತಿಲ್ಲ" ಎಂದೆ.

"ನಿಮ್ಮ ಗೆಳೆಯ ಹೇಳಲಿಲ್ಲವೇ?"

"ಇಲ್ಲ."

"ನೀವು ಕೇಳಲಿಲ್ಲವೇ?"

ಎಷ್ಟು ವರ್ಷದ ಸ್ನೇಹ ಎಂದೂ ಅವರು ಕೇಳಿದರು. ಇಪ್ಪತ್ತೆರಡು ಎಂದು ಹೇಳುವಾಗ ನನಗೆ ನಾಚಿಕೆಯಾಯಿತು. ಮುನಿರಾಜಣ್ಣ ಒಂದು ಪ್ರಶ್ನೆ ಕೇಳಲಿಲ್ಲವಲ್ಲ ಎಂದು ನಾನು ಇಷ್ಟು ವರ್ಷ ಕೊರಗಿದ್ದೆ. ನಾನೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಅವರು ಅಮ್ಮನ ಹೆಸರೆತ್ತಿ ಶೂ ಕೊಟ್ಟಾಗಲೂ ಕೇಳಲಿಲ್ಲ, ನನ್ನದೇ ಎರಡು ಮಾತು ಸೇರಿಸಿದ್ದೆ. ನೋಟ್‌ಬುಕ್ಕನ್ನು ಮೆಲ್ಲಗೆ ಮೇಜಿನಿಂದ ಕೆಳಗಿಳಿಸಿದೆ. ಕ್ಲೌಸ್ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಮತ್ತೆ ಗೇಟಿನ ಬಳಿ

ಶೂ ಕಳೆದ ವಿಷಯ ಮುನಿರಾಜಣ್ಣನಿಗೆ ಹೇಳುವುದು ಬೇಡ ಎಂದು ವಿಮಾನದಲ್ಲೇ ತೀರ್ಮಾನಿಸಿದ್ದೆ. ಸಿಕ್ಕಿತಲ್ಲ, ಇನ್ನೇನು? "ಸುಳ್ಳು ಹೇಳೋದು ಎಷ್ಟನೇ ಉತ್ತರ ರೀ?" ಎಂದು ಸುಗುಣ ಕೇಳಿ ಕಿಟಕಿಯ ಕಡೆ ತಿರುಗಿದ್ದಳು.

ಸುಳ್ಳು ಹೇಳುವ ಅವಕಾಶವೇ ಸಿಗಲಿಲ್ಲ. ಡಬ್ಬ ತೆರೆದ ಮುನಿರಾಜಣ್ಣ, "ಏನ್ ಮೇಷ್ಟ್ರೇ, ಕೆಂಪು ಲೇಸು?" ಎಂದರು. ಅವರ ವರಾಂಡದಲ್ಲಿ ಕುಳಿತು ಎಲ್ಲ ಒಪ್ಪಿಕೊಂಡೆ. ಗೋಡೆ, ಕಾಲುಚೀಲದ ತೂತು, ಮರದ ಪಾದರಕ್ಷೆ, ಒಂದನ್ನೂ ಬಿಡಲಿಲ್ಲ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ದೇವಸ್ಥಾನದಲ್ಲಿ ಚಪ್ಲಿ ಹೋದ್ರೆ ಶನಿ ಹೋಯ್ತು ಅಂತಾರೆ. ನಿಮ್ ಶನಿ ಪಾಲಿಶ್ ಹಾಕಿಸ್ಕೊಂಡು ವಾಪಸ್ ಬಂದಿದ್ಯಲ್ಲಾ!"

ನಗು ನಿಂತ ಮೇಲೆ ನಾನು ಕೇಳಿದೆ. "ಮುನಿರಾಜಣ್ಣ, ಅಮ್ಮ ಯಾಕೆ ಕೇದಾರಕ್ಕೇ ಹೋಗ್ಬೇಕು ಅಂದ್ರು?"

ಅವರು ನನ್ನ ಮುಖ ನೋಡಿದರು. ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಮಾತು ನಿಲ್ಲಿಸಲಿಲ್ಲ. ಅಪ್ಪ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ, ಹೊಲ ಲೇಔಟ್ ಆದ ವರ್ಷವೇ ತೀರಿಕೊಂಡರಂತೆ. ಅಮ್ಮನಿಗೆ ಡೋಲಿ ಮಾಡಿದರೆ ಹತ್ತಲೇ ಇಲ್ಲವಂತೆ. "ಇನ್ನೊಬ್ಬರ ಹೆಗಲ ಮೇಲೆ ಹೋಗೋದು ಒಂದ್ಸಲ ಇದ್ದೇ ಇದೆ, ಇವತ್ತು ನಡೀತೀನಿ ಅಂದ್ರು ಮೇಷ್ಟ್ರೇ. ಎರಡು ದಿನ ನನ್ ಕೈ ಹಿಡ್ಕೊಂಡು ನಡೆದ್ರು. ಮೇಲೆ ಹೋಗಿ ಏನಮ್ಮಾ ಬೇಡ್ಕೊಂಡೆ ಅಂದ್ರೆ, ಏನಿಲ್ಲ, ಬಂದೆ ಅಂತ ಹೇಳ್ದೆ ಅಷ್ಟೇ ಅಂದ್ರು."

ತೀರ್ಥಯಾತ್ರೆಯ ಬಗ್ಗೆ ನನ್ನಲ್ಲಿ ಒಂದು ಉತ್ತರವಿದೆ, ಹತ್ತೊಂಬತ್ತನೆಯದು. ಅದು ನಾಲಿಗೆಯ ತುದಿಗೆ ಬಂತು. ಕಾಫಿಯ ಜೊತೆ ನುಂಗಿದೆ. ನನ್ನ ಅಮ್ಮನ ಹವಾಯಿ ಚಪ್ಪಲಿಯ ಕಥೆ ಹೇಳಿದೆ. ಇಬ್ಬರ ಕಾಫಿಯೂ ಆರಿಹೋಗಿತ್ತು. ಮುನಿರಾಜಣ್ಣನ ಹೆಂಡತಿ ಬಂದು ಬಯ್ದು, ಮತ್ತೆ ಬಿಸಿ ಮಾಡಿಕೊಂಡು ಬಂದರು.

ನಾನು ಎದ್ದು ಗೇಟಿನವರೆಗೆ ಬಂದಿದ್ದೆ. ಹಿಂದಿನಿಂದ ಮುನಿರಾಜಣ್ಣ ಕರೆದರು.

"ಮೇಷ್ಟ್ರೇ, ಒಂದ್ ಮಾತು ಕೇಳ್ಲಾ?"

ಗಕ್ಕನೆ ತಿರುಗಿದೆ. ಇಪ್ಪತ್ತೆರಡು ವರ್ಷ!

"ಕೇಳಿ ಮುನಿರಾಜಣ್ಣ."

"ನಿಮ್ ಚರ್ಚಲ್ಲೂ ಚಪ್ಲಿ ಹೊರಗಡೆ ಬಿಡ್ತಾರೆ ಅನ್ನೋದೇ ನಂಗೊತ್ತಿರ್ಲಿಲ್ಲ. ಇಷ್ಟ್ ವರ್ಷದಿಂದ ಅದ್ರ ವಿಷಯ ಹೇಳ್ತಾನೇ ಇದ್ದೀರಿ. ಒಂದ್ಸಲನಾದ್ರೂ ಬನ್ನಿ ಅಂತ ಯಾಕ್ ಕರೀಲಿಲ್ಲ?"

ಗೇಟಿನ ಚಿಲಕ ಹಿಡಿದುಕೊಂಡು ನಿಂತೆ.

"ಈ ಭಾನುವಾರ ಬನ್ನಿ" ಎಂದೆ. "ನಾನೇ ಕರ್ಕೊಂಡ್ ಹೋಗ್ತೀನಿ."

"ಬರ್ತೀನಿ. ಆದ್ರೆ ಹಳೇ ಚಪ್ಲಿ ಹಾಕ್ಕೊಂಡು ಬರ್ತೀನಿ" ಎಂದರು ಮುನಿರಾಜಣ್ಣ. "ನಿಮ್ ಜೊತೆ ಬರೋವಾಗ ಈ ಶೂ ಮಾತ್ರ ಬೇಡ."